ಹೊಳೆಗೆ ಮೀಸಲಾದ ಸೀರೆ

ಹೋದ ವಾರ ಶಿರಸಿ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಹತ್ತಿಯ ಖಣ ಕೇಳಿದೆ. ಅಂಗಡಿಯವರು ಎದುರಿಗೆ ಒಂದು ರಾಶಿ ಸುರಿದರು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಇಡುವ ರವಿಕೆ ತುಂಡುಗಳು. ಹಸಿರು, ಕೆಂಪು, ನೇರಳೆ, ಎಲ್ಲವೂ ಟ್ಯೂಬ್‌ಲೈಟಿನ ಕೆಳಗೆ ಮಿರಮಿರ ಮಿಂಚುತ್ತಿದ್ದವು. ನಾನು ಮುಖ ಸಿಂಡರಿಸಿರಬೇಕು. "ಪ್ಯೂರ್ ಕಾಟನ್ ಮೇಡಂ, ಬೇಕಾದ್ರೆ ನೋಡಿ" ಎಂದು ಅವರೇ ಹುರುಪಿನಲ್ಲಿ ಒಂದು ಎಳೆ ಕಿತ್ತು ಲಕ್ಷ್ಮಿಯ ಪಟದ ಮುಂದಿನ ದೀಪಕ್ಕೆ ಹಿಡಿದರು. ಹತ್ತಿಯಾಗಿದ್ದರೆ ಕಾಗದದ ಹಾಗೆ ಉರಿದು ಬೂದಿಯಾಗಬೇಕಿತ್ತು. ಎಳೆ ಬೆಂಕಿಯಿಂದ ಹಿಂದೆ ಸರಿಯಿತು, ಮುದುಡಿತು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಮಣಿ ಕಟ್ಟಿತು. "ಇದು ಯಾವ್ದೋ ಬೇರೆ ಲಾಟಿಂದು ಬಂದು ಸೇರ್ಕೊಂಡಿದೆ" ಎಂದು ಗೊಣಗುತ್ತ ಅವರು ರಾಶಿ ಕೆದಕತೊಡಗಿದರು. ನಾನು ಆಗಲೇ ಅಲ್ಲಿರಲಿಲ್ಲ. ಒಂಥರಾ ಸಿಹಿಯಾದ, ಗಂಟಲಿಗೆ ಹತ್ತಿಕೊಳ್ಳುವ ಆ ಸುಟ್ಟ ವಾಸನೆ ಮೂಗಿಗೆ ಬಿದ್ದದ್ದೇ ತಡ, ವರದಾ ಹೊಳೆಯ ಮೆಟ್ಟಿಲ ಮೇಲೆ ನೀಲವ್ವನ ಪಕ್ಕದಲ್ಲಿ ಕೂತಿದ್ದೆ.

ಅದು ನನ್ನ ಬಿಳಿ ಬಟ್ಟೆಯ ವರ್ಷ. ಗಂಡ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಮನೆಯಲ್ಲಿ ಕೂತು ಕೂತು ಸಾಕಾಗಿ, ಮದುವೆಗೆ ಮುಂಚೆ ಓದಿದ್ದ ಪ್ರಾಣಿಶಾಸ್ತ್ರವನ್ನು ನೆಚ್ಚಿಕೊಂಡು, ಊರಿನ ಒಂದು ಕಾಲೇಜಿನಲ್ಲಿ ನಡೆಯುತ್ತಿದ್ದ ಹೊಳೆಯ ಅಧ್ಯಯನಕ್ಕೆ ಸಹಾಯಕಿಯಾಗಿ ಸೇರಿದ್ದೆ. ತುಂಗಭದ್ರೆ, ಕೃಷ್ಣೆಯಂಥ ದೊಡ್ಡ ನದಿಗಳ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳು ತುಂಬಿಕೊಳ್ಳುತ್ತಿವೆಯಲ್ಲ, ಅವು ಹೊರಡುವುದು ಎಲ್ಲಿಂದ ಎಂದು ಹುಡುಕುವ ಕೆಲಸ. ನಮ್ಮ ವರದೆ ಬನವಾಸಿಯನ್ನು ಬಳಸಿ ಹಾವೇರಿ ಸೀಮೆಗೆ ಹೋಗಿ ತುಂಗಭದ್ರೆಯನ್ನು ಕೂಡುತ್ತಾಳೆ. ಹೋಲಿಸಿ ನೋಡಲು ಪಡುವಣಕ್ಕೆ ಹರಿಯುವ ಎರಡು ಹೊಳೆಗಳೂ ಇದ್ದವು. ಸಿದ್ದಾಪುರದ ಕಡೆ ಅಘನಾಶಿನಿ, ಯಲ್ಲಾಪುರದ ಕಡೆ ಬೇಡ್ತಿ. ತಿಂಗಳಿಗೊಮ್ಮೆ ಪ್ರತಿ ಹೊಳೆಗೂ ಹೋಗಿ ನೀರು ಸೋಸಿ ಗಾಜಿನ ಬಾಟಲಿಯಲ್ಲಿ ತರುವುದು ನನ್ನ ಪಾಲು.

ಆ ಕೆಲಸಕ್ಕೊಂದು ಶಿಸ್ತಿತ್ತು. ನೀರು ಹಿಡಿಯಲು ಹೋಗುವವರು ಬಣ್ಣದ ಬಟ್ಟೆ ತೊಡಬಾರದು, ಸಿಂಥೆಟಿಕ್ ಅಂತೂ ಕೂಡದೇ ಕೂಡದು. ನಮ್ಮ ಮೈಮೇಲಿನಿಂದಲೇ ಎಳೆ ಉದುರಿ ಬಾಟಲಿಗೆ ಬಿದ್ದರೆ ಅದು ಹೊಳೆಯದೋ ನಮ್ಮದೋ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಬಣ್ಣವನ್ನೇ ಕಾಣದ ಹತ್ತಿಯ ಚೂಡಿದಾರ್ ಎರಡು ಜೊತೆ ಹೊಲಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರು ನನ್ನನ್ನು ಕಂಡರೆ ಕಣ್ಣು ತಗ್ಗಿಸುತ್ತಿದ್ದರು, ಪಾಪ ಈ ಕಾಲದಲ್ಲೂ ಬಿಳಿ ಉಡಿಸಿದ್ದಾರಲ್ಲ ಎಂದು. ಮೊದಮೊದಲು ಅವರನ್ನು ನಿಲ್ಲಿಸಿಕೊಂಡು ಪ್ರಾಜೆಕ್ಟಿನ ನಿಯಮ ವಿವರಿಸುತ್ತಿದ್ದೆ. ಆಮೇಲೆ ಬೇಸರ ಬಂತು. ಅಂದುಕೊಳ್ಳುವವರು ಅಂದುಕೊಳ್ಳಲಿ ಎಂದು ಬಸ್ ಹತ್ತಿ ಕಿಟಕಿಯ ಪಕ್ಕ ಕೂತುಬಿಡುತ್ತಿದ್ದೆ.

ಆ ವರ್ಷದ ಬಹುಪಾಲು ನನಗೆ ಬಸ್ಸಿನ ಕಿಟಕಿಯ ಹಾಗೆಯೇ ನೆನಪಿದೆ. ಸಿದ್ದಾಪುರದ ದಾರಿಯಲ್ಲಿ ಮಂಜು ರಸ್ತೆಗೇ ಇಳಿದು, ಬಸ್ಸು ಹಾರ್ನ್ ಹಾಕುತ್ತ ಅದರೊಳಗೆ ತಡಕಾಡುವುದು. ಕಿರವತ್ತಿಯ ಢಾಬಾದಲ್ಲಿ ಚಹಾ ಕುಡಿಯುವಾಗ ಹುಬ್ಬಳ್ಳಿಯ ಲಾರಿಗಳು ಒಂದರ ಹಿಂದೊಂದು ಹೋಗಿ, ಸರಕಿನ ಮೇಲೆ ಹೊದಿಸಿದ ತಾಡಪತ್ರಿಯ ಅಂಚು ಗಾಳಿಗೆ ಪಟಪಟ ಹೊಡೆದುಕೊಳ್ಳುವುದು. ಆ ಅಂಚಿನ ನೀಲಿ ಚೂರು ಬೇಡ್ತಿಯ ಬಾಟಲಿಯಲ್ಲಿ ಸಿಗುತ್ತದೆ ಎಂದು ಗೊತ್ತಾದ ಮೇಲೆ ಲಾರಿ ನೋಡುವ ನನ್ನ ಕಣ್ಣೇ ಬೇರೆಯಾಯಿತು. ಮಾತಿಗೆ ಯಾರೂ ಇರುತ್ತಿರಲಿಲ್ಲ, ಬೇಕೆಂದೂ ಅನ್ನಿಸುತ್ತಿರಲಿಲ್ಲ. ಗಂಡ ಹೋದ ಮೇಲೆ ನನ್ನೊಳಗೆ ನಿಂತುಹೋಗಿದ್ದ ಏನೋ ಒಂದು, ಹರಿಯುವ ನೀರಿನ ಹತ್ತಿರ ಹೋದಾಗ ಮಾತ್ರ ಸ್ವಲ್ಪ ಅಲುಗಾಡುತ್ತಿತ್ತು.

ಸೂಕ್ಷ್ಮದರ್ಶಕದ ಕೆಳಗೆ ಇನ್ನೊಂದು ಹೊಳೆ ಇತ್ತು. ಸೋಸಿದ ಕಾಗದವನ್ನು ಗಾಜಿನ ತಟ್ಟೆಯಲ್ಲಿಟ್ಟು ಕಣ್ಣು ಹಚ್ಚಿದರೆ ಹೊರಗಿನ ಮಳೆ, ಕಾಲೇಜಿನ ಗಲಾಟೆ ಎಲ್ಲ ದೂರ ಹೋಗುತ್ತಿತ್ತು. ಕಂದು ಮಣ್ಣಿನ ನಡುವೆ ಒಂದು ಕೆಂಪು ಎಳೆ ಸುರುಳಿ ಸುತ್ತಿಕೊಂಡು ಮಲಗಿರುತ್ತಿತ್ತು. ಆಚೆಗೆ ನವಿಲಿನ ನೀಲಿ, ಎಲೆಹಸಿರು, ಗೊಬ್ಬರದ ಚೀಲದ ಬಿಳಿ. ಬಿಸಿ ಸೂಜಿ ತಾಗಿಸಿದರೆ ಪ್ಲಾಸ್ಟಿಕ್ ಆಗಿದ್ದದ್ದು ಥಟ್ಟನೆ ಮುದುಡುತ್ತಿತ್ತು, ಆ ಸಿಹಿ ವಾಸನೆ ಬರುತ್ತಿತ್ತು. ಹೇಳಬಾರದು, ಆದರೂ ಹೇಳುತ್ತೇನೆ, ಅವು ಚೆಂದವಿದ್ದವು. ಇಷ್ಟು ಚೆಂದದ್ದು ಮೀನಿನ ಹೊಟ್ಟೆ ಸೇರಿ ಅಲ್ಲೇ ಕೂರುತ್ತದೆಂದರೆ ನಂಬುವುದು ಕಷ್ಟವಾಗುತ್ತಿತ್ತು.

ನೀಲವ್ವ ಸಿಕ್ಕಿದ್ದು ಜೂನ್ ತಿಂಗಳ ಮೊದಲ ಮಳೆಗೆ. ಬನವಾಸಿಯಿಂದ ಆಚೆ, ಹೊಳೆಯ ಮಗ್ಗುಲಿನ ಒಂದು ಊರಿನಲ್ಲಿ ಕಲ್ಲಿನ ಮೆಟ್ಟಿಲುಗಳಿದ್ದವು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಅನಾನಸಿನ ಹೊಲ. ನಾನು ಮೊಣಕಾಲು ನೀರಿನಲ್ಲಿ ನಿಂತು ಬಲೆ ಹಿಡಿದಿದ್ದೆ. ಹಿಟ್ಟು ಸೋಸುವ ಬಟ್ಟೆಗಿಂತ ನಯವಾದ ಬಲೆ. ಅದೂ ನೈಲಾನಿನದೇ, ಪ್ಲಾಸ್ಟಿಕ್ ಹಿಡಿಯಲು ಪ್ಲಾಸ್ಟಿಕ್ಕೇ ಬೇಕಾಗಿತ್ತು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ, ವಿಭೂತಿ ಹಚ್ಚಿಕೊಂಡ ಅರವತ್ತರ ಹೆಂಗಸು ಕೈ ನಿಲ್ಲಿಸಿ ಕೇಳಿದಳು.

"ಏನ್ ಹಿಡಿಯಾಕತ್ತೀರ್ರೀ ಅಕ್ಕಾರ? ಆ ಬಲಿಯಾಗ ಸೊಳ್ಳಿನೂ ಪಾರಾಗಂಗಿಲ್ಲ."

"ಪ್ಲಾಸ್ಟಿಕ್ ಹಿಡೀತಿದ್ದೇನೆ."

"ಅದಕ್ಯಾಕ್ರೀ ಬಲಿ? ದಂಡಿ ಮ್ಯಾಲೆ ಬೇಕಾದಷ್ಟ್ ಬಿದ್ದೈತಿ, ಆರಿಸ್ಕೋರಿ."

ತಿಂಗಳುಗಳ ನಂತರ ನಾನು ಬಾಯಿಬಿಟ್ಟು ನಕ್ಕಿದ್ದು ಆವತ್ತೇ ಇರಬೇಕು. ದಡಕ್ಕೆ ಬಂದು ಬಲೆಯ ತುದಿಯ ಕೆಸರನ್ನು ತಟ್ಟೆಗೆ ಹಾಕಿ, ಕೈಯಲ್ಲಿದ್ದ ಭೂತಗನ್ನಡಿ ಕೊಟ್ಟೆ. ನೀಲವ್ವ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಯವ್ವಾ, ಇದು ನಮ್ಮ ಸೀರಿ ಎಳಿ ಇದ್ದಂಗೈತಲ್ಲ!"

ಇರಬಹುದು ಎಂದೆ. ಸೀರೆ ಒಗೆದಾಗಲೆಲ್ಲ ಇಂಥ ಎಳೆ ಉದುರುತ್ತವೆ, ಹಗ್ಗದಿಂದ, ಚೀಲದಿಂದ, ಗದ್ದೆಗೆ ಹಾಸಿದ ಹಾಳೆಯಿಂದ ಚೂರು ಬರುತ್ತವೆ, ನೀರಿನಲ್ಲಿ ಕರಗುವುದಿಲ್ಲ, ಮೀನು ತಿನ್ನುತ್ತದೆ ಎಂದೆಲ್ಲ ಹೇಳಿದೆ. ಅವಳು ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟಳು.

"ಅಂದ್ರ ಗಂಗವ್ವನ ಹೊಟ್ಟ್ಯಾಗ ದಾರ ಸೇರೈತಿ ಅಂದಂಗಾತು" ಎಂದಳು.

ಹಾಗೆಯೇ ಅನ್ನಬಹುದು ಎಂದು ನಾನು ಒಪ್ಪಿಕೊಂಡೆ. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಆಗ ಹೊಳೆಯಲಿಲ್ಲ.

ನನ್ನ ಬಿಳಿ ಬಟ್ಟೆಯನ್ನು ನೋಡಿ ನೀಲವ್ವ ಕಣ್ಣು ತಗ್ಗಿಸಲಿಲ್ಲ. "ಮನಿಯವರು?" ಎಂದು ನೇರ ಕೇಳಿದಳು. ಹೋದರು ಎಂದೆ. ಬಟ್ಟೆ ಬೇರೆ ಕಾರಣಕ್ಕೆ ಎಂದೂ ಹೇಳಿದೆ. "ಬಟ್ಟಿದು ಬಿಡ್ರಿ, ಚಾ ಕುಡೀರಿ ಬರ್ರಿ" ಎಂದು ಮೆಟ್ಟಿಲು ಹತ್ತಿಸಿಕೊಂಡು ಹೋದಳು. ಮನೆಯಲ್ಲಿ ಸೊಸೆ ಸುಧಾ ಇದ್ದಳು. ಇಪ್ಪತ್ತೈದು ದಾಟಿರದ ಹುಡುಗಿ, ಮಾತು ಕಡಿಮೆ. ಎರಡು ಸಲ ಬಸಿರಾಗಿ ಎರಡು ಸಲವೂ ನಡುವೆಯೇ ಹೋಗಿತ್ತಂತೆ. ಈಗ ಮೂರನೆಯದು, ಇನ್ನೂ ಮೂರು ತಿಂಗಳು. ಬಗ್ಗುವಾಗ, ಏಳುವಾಗ, ಹೊಸ್ತಿಲು ದಾಟುವಾಗ ಅವಳ ಒಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ದೇವರ ಜಗಲಿಯ ಮೇಲೆ ಪೇಪರಿನಲ್ಲಿ ಸುತ್ತಿ, ಅರಿಶಿನದ ದಾರ ಕಟ್ಟಿದ ಒಂದು ಗಂಟು ಕಂಡಿತು. ನೀಲವ್ವ ಹೇಳಿದಳು, ಅದು ಹೊಳೆಗೆ ಹರಕೆ ಹೊತ್ತ ಹಸಿರು ಸೀರೆ. "ಏಳ್ ತಿಂಗಳು ದಾಟಿಸು ನಮ್ಮವ್ವಾ, ಶೀಗಿ ಹುಣ್ಣಿವಿಗೆ ನಿನ್ನ ಉಡಿ ತುಂಬ್ತೇನಿ" ಎಂದು ಬೇಡಿಕೊಂಡು ಆವತ್ತೇ ತಂದು ಮೀಸಲು ಕಟ್ಟಿದ್ದಳಂತೆ. ಮೀಸಲು ಕಟ್ಟಿದ್ದನ್ನು ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ, ಬದಲಿಸುವ ಹಾಗೂ ಇಲ್ಲ.

ಜುಲೈಯಲ್ಲಿ ವರದೆ ಗದ್ದೆಗೆ ಹತ್ತಿದಳು. ಮೆಟ್ಟಿಲು ಕಾಣುತ್ತಿರಲಿಲ್ಲ. ಸೇತುವೆಯಿಂದ ಹಗ್ಗಕ್ಕೆ ಸ್ಟೀಲ್ ಬಕೆಟ್ ಕಟ್ಟಿ ನೀರು ಎಳೆದುಕೊಂಡು, ತೊಯ್ದು ತೊಪ್ಪೆಯಾಗಿ ನೀಲವ್ವನ ಒಲೆಯ ಮುಂದೆ ಕೂರುತ್ತಿದ್ದೆ. ಅವಳ ಮನೆಯಲ್ಲಿ ಎಲ್ಲರೂ ಒಳ್ಳೆಯ ಸುದ್ದಿಯನ್ನು ಎಬ್ಬಿಸಬಾರದೆಂಬಂತೆ ಮೆಲ್ಲಗೆ ಓಡಾಡುತ್ತಿದ್ದರು. ಸುಧಾ ಗೋಡೆಗೊರಗಿ ಮಳೆ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ಕೆಂಪು ನೀರು ಸದ್ದಿಲ್ಲದೆ ಅಗಲವಾಗುತ್ತ, ಬದುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಳ್ಳುತ್ತಿತ್ತು. ಅಷ್ಟು ದೊಡ್ಡ ನೀರಿಗೆ ಒಂದು ಎಳೆ ಯಾವ ಲೆಕ್ಕ ಎಂದು ನನಗೇ ಅನ್ನಿಸಿದ ದಿನಗಳಿದ್ದವು.

ಶ್ರಾವಣದಲ್ಲಿ ನೀರು ಇಳಿದು ಮೇಲಿನ ಮೆಟ್ಟಿಲುಗಳು ಕಂಡವು. ನಾನು ಹೋದ ದಿನ ಅಲ್ಲಿ ಜಾತ್ರೆಯಷ್ಟು ಹೆಂಗಸರು. ಹೊಸ ಸೀರೆ, ತಲೆತುಂಬ ಹೂವು, ಕೈಯಲ್ಲಿ ಮೊರ. ಒಬ್ಬೊಬ್ಬರಾಗಿ ಬಂದು ಅಕ್ಕಿ, ಉತ್ತತ್ತಿ, ಅರಿಶಿನ ಕೊಂಬು, ಬಳೆ, ಮೇಲೊಂದು ಖಣ ಹೊಳೆಗೆ ಬಿಡುತ್ತಿದ್ದರು. ಕೆಲವರು ಸೀರೆಯನ್ನೇ ಬಿಟ್ಟರು. ಕೆಂಪು ನೀರಿನ ಮೇಲೆ ಹಸಿರು, ಹಳದಿ, ಗುಲಾಬಿ ಬಟ್ಟೆಗಳು ಅರಳಿಕೊಂಡು ತಿರುಗುತ್ತ, ಮುಳುಗುತ್ತ, ಏಳುತ್ತ ಹೋಗುತ್ತಿದ್ದವು. ನೋಡುತ್ತ ನಿಂತರೆ ಕನಸೋ ಏನೋ ಅನ್ನಿಸುವ ಹಾಗಿತ್ತು. ಕೆಳಗಡೆ ಬಲೆ ಹಿಡಿದು ನಿಂತಿದ್ದ ನನಗೆ ಮೊದಲು ಸಿಕ್ಕಿದ್ದು ಮಿಂಚುವ ಜರಿಯ ಒಂದು ಖಣ. ಅದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು.

ನೀಲವ್ವ ಮುಖ ಅರಳಿಸಿಕೊಂಡು ಬಂದಳು. "ಊರಿಗೆಲ್ಲ ಹೇಳೇನ್ರಿ ಅಕ್ಕಾರ. ಹೊಳಿಗೆ ಮೈಯಾಗ ಆರಾಮಿಲ್ಲ, ಹೊಟ್ಟಿಗೆ ಏನೋ ಸೇರೈತಿ ಅಂತ. ಬಸರಿ ಹೆಂಗಸಿಗೆ ಮಾಡಿದಂಗ ಒಂದೂ ಮನಿ ಬಿಡದ ಉಡಿ ತುಂಬಾಕ ಬಂದೀವಿ. ಆರಾಮ್ ಆಕ್ಕಾಳ ನೋಡ್ರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಎರಡು ಒದ್ದೆ ಖಣ ಹಿಂಡಿ ಮೆಟ್ಟಿಲ ಮೇಲಿಟ್ಟೆ. ಹೊಳೆಗೆ ಕಾಯಿಲೆ ಎಂದರೆ ಅವಳ ಉಡಿ ತುಂಬಬೇಕು ಎಂದು ಇಡೀ ಊರಿಗೆ ಅನ್ನಿಸುತ್ತದಲ್ಲ, ಇಂಥ ಪ್ರೀತಿಯನ್ನು ಯಾವ ಬಾಯಿಂದ ಬೈಯುವುದು? ಆದರೆ ಮುಖ ಸುಳ್ಳು ಹೇಳಲಿಲ್ಲ. ನೀಲವ್ವ ಅದನ್ನು ಕಂಡು, ಹೆಂಗಸರೆಲ್ಲ ಹೋಗುವವರೆಗೆ ಕಾದು, ಪಕ್ಕದಲ್ಲಿ ಕೂತಳು.

"ಏನಾತು ಹೇಳ್ರಿ."

ಹೇಳುವುದಕ್ಕಿಂತ ತೋರಿಸುವುದು ಮೇಲು ಎನಿಸಿತು. ನನ್ನ ದುಪಟ್ಟಾದಿಂದ ಒಂದು ಎಳೆ ಕಿತ್ತು, ಅವರು ಹಚ್ಚಿಟ್ಟು ಹೋಗಿದ್ದ ಹಣತೆಗೆ ಹಿಡಿದೆ. ಉರಿದು ಬೂದಿಯಾಗಿ ಗಾಳಿಗೆ ಹೋಯಿತು. ಖಣದ ಎಳೆ ಹಿಡಿದೆ. ಮುದುಡಿ ಕಪ್ಪು ಮಣಿಯಾಯಿತು, ಆ ವಾಸನೆ ಬಂತು. ನೀಲವ್ವ ಮಣಿಯನ್ನು ಬೆರಳ ತುದಿಯಲ್ಲಿ ತಿಕ್ಕಿದಳು. ತಿಕ್ಕಿದರೂ ಪುಡಿಯಾಗಲಿಲ್ಲ.

"ಇದು ಕರಗಂಗಿಲ್ಲ?"

"ಇಲ್ಲ ನೀಲವ್ವ. ಎಳೆ ಎಳೆಯಾಗಿ ಬಿಡಿಸಿಕೊಂಡು ಹೊಳೆ ಸೇರುತ್ತೆ. ಅಲ್ಲಿಂದ ದೊಡ್ಡ ಹೊಳೆ."

ಅವಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಡಿಯುವ ನೀರನ್ನೇ ನೋಡುತ್ತಿದ್ದಳು. "ಹಂಗಾರ ಔಷಧ ಅಂತ ಅಕಿಗೆ ಅದನ್ನ ಕುಡಿಸಿ ಬಂದೀವಿ ನಾವು" ಎಂದಳು. ಎದ್ದು ಮನೆಗೆ ಹೋದವಳು ಆವತ್ತು ಚಹಾಕ್ಕೆ ಕರೆಯಲಿಲ್ಲ.

ಮುಂದಿನ ತಿಂಗಳು ನಾನು ಹೋದಾಗ ಮೆಟ್ಟಿಲ ಮೇಲೆ ನನಗಾಗಿಯೇ ಕಾದಿದ್ದಳು. ಮುಖ ಇಳಿದಿತ್ತು. ಜಗಲಿಯ ಮೇಲಿನ ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದಿದ್ದಳಂತೆ.

"ಅದೂ ಮಣಿ ಆತು" ಎಂದಳು. "ರೇಷ್ಮಿ ಇದ್ದಂಗೈತಿ ಅಂತ ಆಸಿ ಮಾಡಿ ತಂದಿದ್ದೆ."

ಹತ್ತಿಯದನ್ನು ತಂದುಕೊಡುತ್ತೇನೆ, ಅದನ್ನು ಹೊಳೆಗೆ ಬಿಡಿ ಎಂದೆ. ಮೀಸಲು ಕಟ್ಟಿದ್ದು ಇದನ್ನ, ಕಟ್ಟಿದ ಮೇಲೆ ಬದಲಿಸಲಿಕ್ಕೆ ಬರುವುದಿಲ್ಲ ಎಂದಳು. ಹಾಗಾದರೆ ಇದನ್ನೇ ಬಿಡಿ, ಕೆಳಗೆ ನಿಂತು ನನ್ನ ಬಲೆಯಲ್ಲಿ ಹಿಡಿದು ತೆಗೆಯುತ್ತೇನೆ ಎಂದೆ. "ಕೊಟ್ಟಂಗ ಮಾಡಿ ಕಸ್ಗೊಂಡಂಗಾತು" ಎಂದಳು. ಬಿಡುವುದೇ ಬೇಡ ಎಂದರೆ? ಎಂದು ಕೇಳಿದೆ.

ಅದಕ್ಕೆ ಅವಳು ಸಿಟ್ಟಿನಿಂದಲೇ ನನ್ನ ಕಡೆ ತಿರುಗಿದಳು. "ಎರಡ್ ಸಲ ಹ್ವಾದದ್ದನ್ನ ನೋಡೇನ್ರಿ ನಾನು, ನೀವ್ ನೋಡಿಲ್ಲ. ಹರಕಿ ತೀರಿಸದ ಹೆಂಗ ಇರ್ಲಿ? ತೀರಿಸಬೇಕಂದ್ರ, ಅಕಿ ಹೊಟ್ಟಿಗೆ ವಿಷ ಹಾಕಿ, ನಮ್ಮ ಸೊಸಿ ಹೊಟ್ಟಿ ಕಾಯವ್ವಾ ಅಂತ ಯಾವ ಬಾಯಿಲೆ ಕೇಳ್ಲಿ?"

ಹರಕೆ, ಮೀಸಲು ಇದರಲ್ಲೆಲ್ಲ ನನಗೆ ಅಂಥ ನಂಬಿಕೆ ಇದೆ ಎನ್ನಲಾರೆ. ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಭೂತಗನ್ನಡಿ ತೋರಿಸಿ ಆ ಮನೆಗೆ ಇಷ್ಟು ದೊಡ್ಡ ಹೆದರಿಕೆ ಕೊಟ್ಟು ಬಂದಿದ್ದೇನೆ ಅನ್ನಿಸುತ್ತಿತ್ತು. ಹೊರಗೆ ಅನಾನಸಿನ ಹೊಲಗಳ ಮೇಲೆ ಸಂಜೆಬಿಸಿಲು ಬಿದ್ದಿತ್ತು, ನಾನು ನೋಡಲಿಲ್ಲ.

ನವರಾತ್ರಿಯಲ್ಲಿ ಸಿದ್ದಾಪುರದ ನೆಂಟರ ಮನೆಗೆ ಹೋಗಿದ್ದೆವು, ನಾನು ಮತ್ತು ನನ್ನ ತಾಯಿ, ಆಯಿ. ಸಂಜೆ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಕೊಟ್ಟು ಉಡಿ ತುಂಬುತ್ತಿದ್ದರು. ಸಾಲಾಗಿ ಕೂತಿದ್ದೆವು. ತಟ್ಟೆ ನನ್ನ ಎಡಗಡೆಯವರಿಗೆ ಬಂತು, ಆಮೇಲೆ ಬಲಗಡೆಯವರಿಗೆ ಹೋಯಿತು. ಯಾರೂ ಕೆಟ್ಟವರಲ್ಲ. ತಟ್ಟೆ ಹಿಡಿದವಳು ನನ್ನ ಬಾಲ್ಯದ ಗೆಳತಿ, ಕಣ್ಣು ತಪ್ಪಿಸಿ ಬಲಗಡೆಗೆ ಸರಿಯುವಾಗ ಅವಳ ಕತ್ತೂ ಕೆಂಪಾಗಿತ್ತು. ಆಯಿ ಮನೆಗೆ ಬಂದ ಮೇಲೆ "ಮನಸಿಗೆ ಹಚ್ಚಿಕ್ಯಳಡ ಕೂಸೆ" ಎಂದಳು. ಹಚ್ಚಿಕೊಂಡಿಲ್ಲ ಎಂದೆ. ಹಚ್ಚಿಕೊಂಡಿದ್ದೆ. ಖಣ ಬೇಕಾಗಿರಲಿಲ್ಲ ನನಗೆ, ಒಂದು ಮುಷ್ಟಿ ಅಕ್ಕಿ ಸಾಕಿತ್ತು.

ಶೀಗಿ ಹುಣ್ಣಿಮೆ ಬಂತು. ಗದ್ದೆಗಳು ಹೊಡೆತುಂಬಿ ನಿಂತಿದ್ದವು. ಪೈರನ್ನು ಬಸುರಿ ಎಂದು ಕರೆದು ಬಯಕೆಯ ಊಟ ಬಡಿಸುವ ಹಬ್ಬ ಅದು. ಬೆಳಿಗ್ಗೆಯಿಂದಲೇ ಜನ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಪೈರಿಗೆ ಅನ್ನದ ಚರಗ ಚೆಲ್ಲಿ ಬರುತ್ತಿದ್ದರು. ಬೇಕೆಂದೇ ನಾನು ನೀರು ಹಿಡಿಯಲು ಆ ದಿನವನ್ನೇ ಆರಿಸಿಕೊಂಡಿದ್ದೆ. ವರದೆ ತಿಳಿಯಾಗಿದ್ದಳು. ಮೊಣಕಾಲು ನೀರಿನಲ್ಲಿ ನಿಂತರೆ ಪಾದದ ಹತ್ತಿರ ಓಡಾಡುವ ಮೀನುಮರಿಗಳು ಕಾಣುತ್ತಿದ್ದವು.

ಮಧ್ಯಾಹ್ನ ಇಳಿದ ಮೇಲೆ ನೀಲವ್ವ, ಸುಧಾ, ಓಣಿಯ ನಾಲ್ಕಾರು ಹೆಂಗಸರು ಮೆಟ್ಟಿಲಿಗೆ ಬಂದರು. ಸುಧಾಳಿಗೆ ಏಳು ತುಂಬಿತ್ತು. ಮೊರದಲ್ಲಿ ಹಸಿರು ಸೀರೆ. ನೀಲವ್ವ ದೀಪ ಹಚ್ಚಿ, ಕೈಮುಗಿದು, ಹೆಂಗಸರ ಕಡೆ ತಿರುಗಿದಳು. ಇಷ್ಟು ದಿನ ಮನಸ್ಸಿನಲ್ಲೇ ಉರುಳಿಸಿ ಒಂದು ದಾರಿ ಹುಡುಕಿಕೊಂಡಿದ್ದಳು. ಮನೆಯಲ್ಲಿ ದೇವಿಯ ಹೆಸರಿನಲ್ಲಿ ಮುತ್ತೈದೆಯನ್ನು ಕೂರಿಸಿ ಉಡಿ ತುಂಬುವುದಿಲ್ಲವೇ, ಹಾಗೇ ಯಾರಾದರೂ ನೀರಿಗಿಳಿದು ಗಂಗವ್ವನಾಗಿ ನಿಲ್ಲಲಿ, ಹೊಳೆಯ ಸೀರೆಯನ್ನು ಹೊಳೆಯಲ್ಲೇ ನಿಂತು ತೆಗೆದುಕೊಳ್ಳಲಿ. ಸೀರೆ ನೀರಿಗೆ ಬೀಳದೆಯೇ ಮುಟ್ಟಬೇಕಾದವಳಿಗೆ ಮುಟ್ಟುತ್ತದೆ.

"ಗೌರವ್ವಾ, ನೀ ಇಳಿ" ಎಂದಳು ಪಕ್ಕದ ಮನೆಯವಳಿಗೆ.

ಗೌರವ್ವ ಎರಡು ಹೆಜ್ಜೆ ಹಿಂದಕ್ಕೆ ಹೋದಳು. "ಹೊಳಿ ಸೀರಿ ನಾ ಉಡ್ಲ್ಯಾ? ನಾಳಿ ನೆರಿ ಬಂದು ಬಾಗಲಕ್ಕ ನಿಂತು, ನನ್ನ ಸೀರಿ ಕೊಡು ಅಂದ್ರ ಏನ್ ಮಾಡ್ಲಿ? ಒಲ್ಲೆ ನಮ್ಮವ್ವಾ."

ಇನ್ನೊಬ್ಬಳನ್ನು ಕೇಳಿದಳು, ಅವಳೂ ಒಲ್ಲೆ ಎಂದಳು. ಮತ್ತೊಬ್ಬಳು ತಾನು ಮಕ್ಕಳುಮರಿ ಇರುವವಳು, ಆಗುವುದಿಲ್ಲ ಎಂದಳು. ಹೊಳೆಯದ್ದನ್ನು ಮೈಮೇಲೆ ಹಾಕಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ನೀಲವ್ವ ಮೊರವನ್ನು ಎದೆಗೊತ್ತಿಕೊಂಡಳು. ಅಷ್ಟು ಗಟ್ಟಿ ಹೆಂಗಸು ಇನ್ನೇನು ಅತ್ತೇಬಿಡುತ್ತಾಳೆ ಎಂದು ನಾನು ಕೆಳಗಿನಿಂದ ನೋಡುತ್ತಿದ್ದೆ. ನನ್ನ ಹೆಸರು ಅವಳ ನಾಲಿಗೆಗೆ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ.

ಸುಧಾ ಅತ್ತೆಯ ಕೈಯಿಂದ ಮೊರ ತೆಗೆದುಕೊಂಡಳು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬಂದು, ನನ್ನೆದುರಿಗಿನ ಮೆಟ್ಟಿಲಿನ ಮೇಲೆ, ಪಾದ ಮುಳುಗುವ ನೀರಿನಲ್ಲಿ ನಿಂತಳು.

"ನೀವು ತಗೋರಿ ಅಕ್ಕಾರ. ತಿಂಗಳ ತಿಂಗಳಾ ಅಕಿ ಒಳಗ ನಿಂದರತೀರಿ, ನಿಮಗೇನೂ ಅನ್ನಂಗಿಲ್ಲ ಅಕಿ."

ಮೇಲಿನಿಂದ ಗೌರವ್ವ, "ಏ ಸುಧಾ, ಅವರು..." ಎಂದು ನಿಲ್ಲಿಸಿದಳು.

"ನಾನು ಬೇಡ ಸುಧಾ" ಎಂದೆ. "ನಿನಗೆ ಗೊತ್ತಿದೆಯಲ್ಲ. ಬೇರೆ ದಿನ ಬೇರೆ ಮಾತು. ಇವತ್ತು, ನಿನ್ನ ಈ ಹೊತ್ತಿಗೆ, ನಾನು ಬೇಡ."

"ಗೊತ್ತೈತ್ರಿ" ಎಂದಳು ಆ ಮಾತಿಲ್ಲದ ಹುಡುಗಿ. "ಅಂಜಿಕಿನೂ ಐತ್ರಿ. ಆದ್ರ ಇಷ್ಟ್ ವರ್ಷ ಹೊಳಿ ಉಡಿ ತುಂಬೀವಿ, ನಿನ್ನ ಗಂಡ ಎಲ್ಲಿ ಅದಾನ ಅಂತ ಒಬ್ಬರರ ಕೇಳೀವೇನ್ರಿ ಅಕಿನ್ನ?"

ನಾನು ನೀಲವ್ವನ ಮುಖ ನೋಡಿದೆ. ಎರಡು ಸಲ ಹೋದದ್ದನ್ನು ಕಂಡವಳು ಅವಳು, ಒಂದು ಮಾತು ಸಾಕಿತ್ತು ಸೊಸೆಯನ್ನು ಮೇಲಕ್ಕೆ ಕರೆಸಲು. ಅವಳು ಕಣ್ಣು ಮುಚ್ಚಿಕೊಂಡಳು, ಬಿಟ್ಟಳು.

"ಬಲಿ ಕೆಳಗಿಡವ್ವಾ" ಎಂದಳು. ಅಕ್ಕಾರ ಎನ್ನಲಿಲ್ಲ. "ಸೆರಗಂತೂ ಇಲ್ಲ, ಅದನ್ನ ಒಡ್ಡು."

ಬಿಳಿ ದುಪಟ್ಟಾ ಒಡ್ಡಿದೆ. ಸುಧಾ ಮುಷ್ಟಿ ಮುಷ್ಟಿಯಾಗಿ ಅಕ್ಕಿ ಹಾಕಿದಳು. ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು, ಹಸಿರು ಬಳೆ. ಮೇಲೆ ಸೀರೆ. ಅರಿಶಿನ ಕಲಸಿದ ಬಟ್ಟಲನ್ನು ಎತ್ತುವಾಗ ಅದು ವಾಲಿ ಸೀರೆಯ ಅಂಚಿನ ಮೇಲೆ ಚೆಲ್ಲಿತು. ನನ್ನ ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ. ಅವಳ ಬೆರಳು ಬೆಚ್ಚಗಿತ್ತು, ನೀರು ತಣ್ಣಗಿತ್ತು, ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ದುಪಟ್ಟಾದ ಅಂಚಿನಿಂದ ಅಕ್ಕಿ ಸೋರಿ ನೀರಿಗೆ ಬೀಳುತ್ತಿತ್ತು. ಮೀನುಮರಿಗಳು ಎಲ್ಲೆಲ್ಲಿಂದಲೋ ಬಂದು ಕಾಲು ಮುತ್ತಿಕೊಂಡವು. ಮೇಲೆ ಯಾರೋ ಆರತಿ ಹಾಡು ಎತ್ತಿದರು. ಕತ್ತೆತ್ತಿ ನೋಡಿದರೆ ಗೌರವ್ವ.

ಆ ದಿನದ ಬಾಟಲಿ ಕೆಟ್ಟಿತೆಂದು ಬೇರೆ ಹೇಳಬೇಕಿಲ್ಲ. ಮಾರನೆಯ ದಿನ ಇನ್ನೊಂದು ಜೊತೆ ಬಿಳಿ ಬಟ್ಟೆ ತೊಟ್ಟು ಹೋಗಿ ನೀರು ಹಿಡಿದು ತಂದೆ.

ಆಮೇಲಿನ ತಿಂಗಳುಗಳು ನನ್ನ ಬದುಕಿನ ಉದ್ದದ ತಿಂಗಳುಗಳು. ಸುಧಾಳಿಗೆ ಏನಾದರೂ ಆದರೆ ಎಲ್ಲರ ಬೆರಳೂ ಆ ಹುಣ್ಣಿಮೆಯ ಕಡೆಗೆ ಹೋಗುತ್ತದೆ ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಬೆರಳೇ ಹೋಗುತ್ತದೆ ಎಂದು ಗೊತ್ತಿತ್ತು. ಓದಿದ್ದೆಲ್ಲ ಒಂದು ಕಡೆ, ಈ ಭಯ ಒಂದು ಕಡೆ. ಸೂಕ್ಷ್ಮದರ್ಶಕದಲ್ಲಿ ಹಸಿರು ಎಳೆ ಕಂಡರೆ ಸೂಜಿ ಹಿಡಿದ ಕೈ ಹಿಂದೆ ಬರುತ್ತಿತ್ತು. ಪುಷ್ಯದ ಚಳಿಯಲ್ಲಿ ಒಂದು ಬೆಳಿಗ್ಗೆ ಬೇಡ್ತಿ ಸೇತುವೆಯ ಮೇಲೆ ಬಕೆಟ್ ಇಳಿಬಿಟ್ಟಿದ್ದಾಗ ಫೋನ್ ಬಂತು. ನೀಲವ್ವನ ನಂಬರು. ಅಷ್ಟರಲ್ಲಿ ಒಂದು ಲಾರಿ ಬಂದು ಸೇತುವೆಯೇ ಗಡಗಡ ಎಂದಿತು, ಅವಳು ಹೇಳಿದ್ದು ಒಂದಕ್ಷರ ಕೇಳಲಿಲ್ಲ. ಬಕೆಟ್ಟು ಹಗ್ಗ ಅಲ್ಲೇ ಬಿಟ್ಟು ಆಚೆ ತುದಿಗೆ ಓಡಿದೆ.

"ಏನು ನೀಲವ್ವ, ಏನು?"

"ನಾ ಏನ್ ಹೇಳೂದೈತಿ, ನೀನಽ ಕೇಳು" ಎಂದಳು. ಫೋನು ಎಲ್ಲಿಗೋ ಹೋಯಿತು. ಆಮೇಲೆ ಸಿಟ್ಟಿಗೆದ್ದ, ಎಳಸು, ಗಟ್ಟಿ ಅಳು ಕೇಳಿಸಿತು. ಹೆಣ್ಣು ಮಗು. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು, ಲಾರಿಗಳ ಧೂಳು ತಿನ್ನುತ್ತ, ಅದು ಅಳುವಷ್ಟು ಹೊತ್ತೂ ಕೇಳಿದೆ.

ಅಧ್ಯಯನ ಮುಗಿದು ವರದಿ ಹೋಗಬೇಕಾದಲ್ಲಿಗೆ ಹೋಯಿತು. ಹೊಳೆ ಅದರಿಂದ ತಿಳಿಯಾಯಿತು ಎಂದು ಹೇಳಿ ಯಾರನ್ನೂ ನಂಬಿಸಲಾರೆ. ಲಾರಿಯ ತಾಡಪತ್ರಿ ಹರಿಯುತ್ತಲೇ ಇದೆ, ಹೊಲದ ಹಾಳೆ, ಗೊಬ್ಬರದ ಚೀಲ ಪುಡಿಯಾಗುತ್ತಲೇ ಇವೆ, ಎಲ್ಲರ ಮನೆಯ ಸೀರೆಗಳು ಒಗೆದಾಗಲೆಲ್ಲ ಉದುರುತ್ತಲೇ ಇವೆ. ಆ ಒಂದು ಊರಿನ ಮೆಟ್ಟಿಲಿನಲ್ಲಿ ಮಾತ್ರ ಶೀಗಿ ಹುಣ್ಣಿಮೆಗೆ ಅಕ್ಕಿ ಮೀನಿಗೆ ಹೋಗುತ್ತದೆ, ಬಟ್ಟೆ ನೀರಿನಲ್ಲಿ ನಿಂತವಳಿಗೆ ಹೋಗುತ್ತದೆ. ಎಲ್ಲರೂ ಒಪ್ಪಿದ್ದಾರೆಂದಲ್ಲ, ಕದ್ದು ಬಿಡುವವರು ಈಗಲೂ ಬಿಡುತ್ತಾರೆ. ಆದರೆ ಈ ವರ್ಷ ನೀರಿಗಿಳಿಯುವ ಸರದಿ ಗೌರವ್ವನದು. ತಾನಾಗಿ ಕೇಳಿಕೊಂಡಳಂತೆ. ಹೋದ ವರ್ಷ ಅವಳ ಗಂಡ ತೀರಿಕೊಂಡರು.

ಅಂಗಡಿಯವರು ಕೊನೆಗೂ ರಾಶಿಯ ತಳದಿಂದ ಒಂದು ಮಾಸಿದ ನೀಲಿ ಖಣ ತೆಗೆದರು. ಎಳೆ ಉರಿದು ಬೂದಿಯಾಯಿತು. ಗೌರವ್ವನಿಗೆಂದು ಅದನ್ನೇ ಕಟ್ಟಿಸಿಕೊಂಡು ಬಂದೆ.

ನಾಳೆ ಹುಣ್ಣಿಮೆ. ಉಡಲಿಕ್ಕೆಂದು ಆ ಹಸಿರು ಸೀರೆ ತೆಗೆದಿಟ್ಟಿದ್ದೇನೆ. ವರ್ಷಕ್ಕೊಮ್ಮೆ ಉಟ್ಟು, ನೆರಳಿನಲ್ಲಿ ಗಾಳಿಗೆ ಹಾಕಿ, ಮಡಚಿ ಟ್ರಂಕಿನಲ್ಲಿ ಇಡುತ್ತೇನೆ, ಅಷ್ಟೇ. ಆಯಿ ಅಂಚನ್ನು ಬೆಳಕಿಗೆ ಹಿಡಿದು ನೋಡಿ, "ಇದ್ನ ಒಂದು ಸಲ ತೊಳಿಯಲಾಗ್ದನೇ? ಅರಿಶಿನದ ಕಲೆ ಹಾಂಗೇ ಕಾಣ್ತು" ಎಂದಳು.

"ತೊಳದ್ರೆ ಎಳೆ ಬಿಡ್ತು ಆಯಿ, ಹೊಳೆಗೆ ಹೋಗ್ತು" ಎಂದೆ.

ಅದು ನಿಜ. ಆದರೆ ಹತ್ತಿಯದಾಗಿದ್ದರೂ ನಾನು ಅದನ್ನು ತೊಳೆಯುತ್ತಿರಲಿಲ್ಲ.